ನಾಲ್ಕೂಕಾಲಿಗೆ ಕಾಫಿ: ಬೆಂಗಳೂರಿನಲ್ಲಿ ನಮ್ಮ ಒಂದು ದಿನ

ಊರಿಗೊಂದು ದಾರಿಯಾದರೆ ಎಡವಟ್ಟನಿಗೊಂದು ದಾರಿ ಅನ್ನುತ್ತಾರೆ. ನನ್ನ ದಾರಿ ಯಾವಾಗಲೂ ಒಂದು ಹಾಳೆಯ ಮೇಲೆ ಬರೆದಿರುತ್ತದೆ. ತೊಂದರೆಯೇ ಅದು. ಮುಂಚಿತವಾಗಿ ಬರೆದಿಟ್ಟುಕೊಂಡು ಮಾಡಹೊರಟ ಯಾವ ಕೆಲಸವೂ ನನ್ನ ಕೈಯಲ್ಲಿ ನೆಟ್ಟಗೆ ನಡೆದದ್ದಿಲ್ಲ. ಹಾಗೆಂದು ಬುದ್ಧಿ ಬಂದು ಬರೆಯುವುದನ್ನು ಬಿಟ್ಟದ್ದೂ ಇಲ್ಲ.

ಬರೆಯುವುದು ನನ್ನ ಹೊಟ್ಟೆಪಾಡು. ಹಾನುಬಾಳು ಕಡೆಯ ಒಂದು ಕಾಫಿ ಎಸ್ಟೇಟಿನಲ್ಲಿ ನಾನು ರೈಟರ್. ಬೆಳಗ್ಗೆ ಏಳೂವರೆಗೆ ಆಳುಗಳ ಹಾಜರಿ ಹಿಡಿಯುವುದು, ಯಾವ ಗುಂಪು ಯಾವ ಕಡೆಯ ತೋಟಕ್ಕೆ, ಎಷ್ಟು ಹೊತ್ತಿಗೆ ಏನು ಮುಗಿಸಬೇಕು ಎಂದು ಬರೆಯುವುದು, ಸಂಜೆ ಅದು ಏಕೆ ಮುಗಿಯಲಿಲ್ಲ ಎಂದು ಮತ್ತೆ ಬರೆಯುವುದು. ಇಪ್ಪತ್ತು ವರ್ಷ ಇದನ್ನೇ ಮಾಡಿದವನಿಗೆ ಮನೆಯೂ ತೋಟದ ಹಾಗೆಯೇ ಕಾಣತೊಡಗುತ್ತದೆ. ಹೆಂಡತಿ ಮಾತ್ರ ಹಾಜರಿಗೆ ಸಿಕ್ಕುವವಳಲ್ಲ.

ಮದುವೆಯಾಗಿ ಹನ್ನೆರಡು ವರ್ಷದಲ್ಲಿ ಅವಳು ನನ್ನನ್ನು ಕೇಳಿದ್ದು ಒಂದೇ ಒಂದು. ಒಡವೆಯಲ್ಲ, ಸೀರೆಯಲ್ಲ. ಆ ಕಾಲದಲ್ಲಿ ತೋಟದ ಒಳ್ಳೆಯ ಕಾಳೆಲ್ಲ ಮೂಟೆಯಾಗಿ ಲಾರಿ ಹತ್ತಿ ಹೋಗುತ್ತಿತ್ತು. ನಮ್ಮಂಥವರಿಗೆ ಉಳಿಯುತ್ತಿದ್ದದ್ದು ಆರಿಸಿ ಬಿಟ್ಟ ಒಡಕಲು, ಕರಿಕಾಳು. ಅದನ್ನೇ ಹುರಿದು, ಕುಟ್ಟಿ, ಬೆಲ್ಲ ಹಾಕಿ ಕುದಿಸಿ ಕುಡಿಯುತ್ತಿದ್ದೆವು. ಹುರಿಯುವವಳು, ಕುಟ್ಟುವವಳು, ಕುದಿಸುವವಳು ಅವಳು. ಕುಡಿಯುವವನು ನಾನು.

"ಬೆಂಗ್ಳೂರಲ್ಲಿ ಒಂದ್ ಹೋಟ್ಲಲ್ಲಿ ಕೂತ್ಕಂಡು, ಬೇರೆ ಯಾರೋ ಮಾಡಿದ್ ಒಳ್ಳೇ ಕಾಪಿ ಒಂದ್ ಲೋಟ ಕುಡೀಬೇಕು ಕಣ್ರೀ," ಅನ್ನುತ್ತಿದ್ದಳು. "ನಾವ್ ಬೆಳ್ದಿದ್ನ ಅವ್ರು ಹೆಂಗ್ ಕುಡೀತಾರೆ ಅಂತ ನೋಡ್ಬೇಕು."

"ಅಷ್ಟೇ ತಾನೆ," ಅನ್ನುತ್ತಿದ್ದೆ ನಾನು. ಹನ್ನೆರಡು ವರ್ಷ ಹಾಗೇ ಅನ್ನುತ್ತ ಬಂದೆ.

ವಿಧಾನಸೌಧ ಕಟ್ಟಿ ಮೂರ್ನಾಲ್ಕು ವರ್ಷವಾಗಿರಬೇಕು. ಒಂದು ಮಳೆಗಾಲ, ಹಿಡಿದ ಮಳೆ ಬಿಡದೆ ತೋಟದ ಕೆಲಸ ನಿಂತು, ಸಾಹುಕಾರರು ತಾವಾಗಿಯೇ ರಜ ಕೊಟ್ಟರು. ಹೋಗುವ ಬರುವ ಪ್ರಯಾಣ ಕಳೆದರೆ ಬೆಂಗಳೂರಿನಲ್ಲಿ ನಮಗೆ ಸಿಕ್ಕುವುದು ಬೆಳಗಿನಿಂದ ಸಂಜೆಯವರೆಗೆ, ಒಂದು ದಿನ. ಒಂದು ದಿನವೆಂದರೆ ಯೋಜನೆ ಬೇಕೇ ಬೇಕು. ನಾನು ಹಾಳೆ ತೆಗೆದೆ.

ಲಾರಿ ಸಾಹೇಬರ ಬೆಂಗಳೂರು

ನಾನು ಅಲ್ಲಿಯವರೆಗೆ ಬೆಂಗಳೂರು ನೋಡಿರಲಿಲ್ಲ. ಅದನ್ನು ಯಾರಿಗೂ ಹೇಳಿರಲಿಲ್ಲ, ಅಷ್ಟೆ. ಸಕಲೇಶಪುರದ ಪೇಟೆಯಲ್ಲಿ ಎರಡು ಲಾರಿ ಇಟ್ಟಿದ್ದ ಸಾಹೇಬರೊಬ್ಬರಿದ್ದರು. ನಮ್ಮ ತೋಟದ ಮೂಟೆ ಸಾಗಿಸುತ್ತಿದ್ದವರು ಅವರೇ, ಒಳ್ಳೆಯ ಮನುಷ್ಯ. ಲೆಕ್ಕವಿಲ್ಲದಷ್ಟು ಸಲ ಬೆಂಗಳೂರಿಗೆ ಹೋಗಿ ಬಂದಿದ್ದರು. ಅವರ ಬಳಿ ಹೋಗಿ ಕೂತೆ.

"ಬೆಂಗ್ಳೂರು ನನ್ ಅಂಗೈ ಇದ್ದಂಗೆ ರೈಟ್ರೇ. ಬರ್ಕೊಳ್ಳಿ," ಅಂದರು. "ಸ್ಟೇಷನ್ನಿಂದ ಆಚೆ ಬಂದು ಬಲಕ್ಕೆ ಹೋದ್ರೆ ಲಾರಿ ತೂಗೋ ಕಾಟಾ ಸಿಗ್ತದೆ. ಅದ್ನ ದಾಟಿದ್ರೆ ಪಂಕ್ಚರ್ ಅಂಗಡಿ. ಅಲ್ಲಿಂದ ಮಂಡಿ. ಮಂಡಿ ಹಿಂದೆ ಗೋಡೌನು. ಗೋಡೌನಿನ ಎದುರಿಗೆ ಇನ್ನೊಂದು ಕಾಟಾ."

ಅರ್ಧ ಹಾಳೆ ತುಂಬಿತು. ನಾನು ಮೆಲ್ಲಗೆ, "ನೋಡುವಂಥದ್ದು ಏನೈತೆ ಸಾಹೇಬ್ರೇ?" ಅಂದೆ.

"ಆ ಎರಡನೇ ಕಾಟಾ ನೋಡುವಂಥದ್ದೇ. ಲೋಡು ಲಾರಿ ಸಮೇತ ತೂಗಿಬಿಡ್ತದೆ."

"ಲಾಲ್‌ಬಾಗ್?"

"ಅದರ ಮುಂದೇನೇ ಹೋಗೋದು ನಾವು. ಒಳಗೆ ಹೋಗಿಲ್ಲ. ಅಲ್ಲಿ ಇಳಿಸೋ ಮಾಲು ಏನೂ ಇರಲ್ವಲ್ಲ."

ಆದರೆ ಕಾಫಿಯ ವಿಷಯ ಬಂದಾಗ ಸಾಹೇಬರು ಗಂಭೀರರಾದರು. ಎಲ್ಲೆಂದರಲ್ಲಿ ಕುಡಿಯಬೇಡಿ, ಮಾರ್ಕೆಟ್ಟಿನ ಹತ್ತಿರ, ಎರಡನೇ ಕಾಟಾದ ಎದುರಿಗೆ, ಮಹಡಿ ಮೇಲೆ ಒಂದು ಹೋಟೆಲಿದೆ, ಹಸಿರು ಬಣ್ಣದ ಕಟಕಟೆ, ಹೆಂಗಸರು ಕೂರುವುದಕ್ಕೆ ಬೇರೆ ಫ್ಯಾಮಿಲಿ ರೂಮಿದೆ, ಸಾಯಂಕಾಲ ನಾಲ್ಕು ಗಂಟೆಗೆ ಹೊಸ ಡಿಕಾಕ್ಷನ್ ಇಳಿಸುತ್ತಾರೆ, ಅದನ್ನು ಕುಡಿಯಿರಿ ಅಂದರು. ನಾನು ಅದನ್ನು 'ನಾಲ್ಕೂಕಾಲಿಗೆ ಕಾಫಿ' ಎಂದು ಬರೆದು, ಕೆಳಗೆ ಎರಡು ಗೆರೆ ಎಳೆದೆ. ಮನೆಗೆ ಬಂದು ಹಾಳೆಯನ್ನು, ಹಸಿರು ಕಟಕಟೆಯ ಗುರುತೂ ಸೇರಿ, ಹೆಂಡತಿಗೆ ಓದಿ ಹೇಳಿದೆ.

"ಬೆಳಗ್ಗೆ ಇಳೀತೀವಿ ಅಂದ್ರಿ. ಕಾಪಿ ನಾಲ್ಕೂಕಾಲ್ಗಾ?" ಅಂದಳು. "ಅಲ್ಲೀಗಂಟ ಏನ್ ಮಾಡದು?"

"ನೋಡೋದು."

"ಏನ್ನ?"

ಹಾಳೆ ನೋಡಿಕೊಂಡು ಹೇಳಿದೆ, "ಕಾಟಾ."

ಇಡ್ಲಿ ತಿಂದು ಕಾಫಿ ಬೇಡವೆಂದದ್ದು

ಹಾಸನದಲ್ಲಿ ರೈಲು ಹತ್ತಿ, ಅರಸೀಕೆರೆಯಲ್ಲಿ ಇನ್ನೊಂದು ರೈಲಿಗೆ ಬದಲಾಯಿಸಿ, ಬೆಳಗ್ಗೆ ಬೆಂಗಳೂರಿನಲ್ಲಿ ಇಳಿದೆವು. ರೈಲು ಒಂದೂವರೆ ಗಂಟೆ ತಡ. ಹಾಳೆಗೆ ಆಮೇಲೆ ನಾನೇ ಸೇರಿಸಿದ್ದ ಪ್ರಕಾರ ಆ ಹೊತ್ತಿಗೆ ನಾವು ಲಾಲ್‌ಬಾಗಿನ ಗಾಜಿನ ಮನೆ ನೋಡಿ ಮುಗಿಸಿರಬೇಕಿತ್ತು. ಹೊಟ್ಟೆ ಹಾಳೆಯ ಮಾತು ಕೇಳಲಿಲ್ಲ. ಸ್ಟೇಷನ್ನಿನ ಎದುರಿಗಿದ್ದ ಹೋಟೆಲಿಗೆ ನುಗ್ಗಿ ಇಡ್ಲಿ ತಿಂದೆವು.

ಇಡ್ಲಿಯನ್ನು ಮಾತ್ರ ಹೊಗಳಲೇಬೇಕು. ನಮ್ಮ ಕಡೆ ಕಡುಬು ತಿಂದು ಬೆಳೆದ ನನಗೆ, ಅಷ್ಟು ಮೆತ್ತಗಿನ ವಸ್ತು ಅಕ್ಕಿಯಿಂದಲೇ ಆದದ್ದೇ ಎಂದು ಅನುಮಾನ ಬಂತು. ಸಾಂಬಾರನ್ನು ಎರಡು ಸಲ ಹಾಕಿಸಿಕೊಂಡೆ. ತಟ್ಟೆ ಎತ್ತಲು ಬಂದ ಸಪ್ಲೈಯರ್, "ಕಾಫಿ ಎರಡಾ?" ಅಂದ.

ಹೆಂಡತಿ ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂತಳು. ಅವಳ ಬಲಗೈ ಆಗಲೇ ಲೋಟ ಹಿಡಿಯುವ ಆಕಾರಕ್ಕೆ ಬಂದಿತ್ತು. ನಾನು ಹಾಳೆ ನೋಡಿದೆ. ಕಾಫಿ ನಾಲ್ಕೂಕಾಲಿಗೆ.

"ಬೇಡ," ಅಂದೆ.

ಸಪ್ಲೈಯರ್ ನಮ್ಮಿಬ್ಬರನ್ನೂ ನೋಡಿದ. "ಇಡ್ಲಿ ತಿಂದು ಕಾಫಿ ಬೇಡ ಅಂದವರನ್ನ ಇವತ್ತೇ ನೋಡಿದ್ದು ಸ್ವಾಮಿ. ಯಾವ ಕಡೆ ನಿಮ್ಮದು?"

"ಸಕಲೇಶಪುರ. ಕಾಫಿ ಎಸ್ಟೇಟು," ಅಂದೆ, ಸ್ವಲ್ಪ ಎದೆಯುಬ್ಬಿಸಿ.

"ಓ, ಹಾಗೆ ಹೇಳಿ. ಮಿಠಾಯಿ ಮಾಡೋರು ಸಿಹಿ ತಿನ್ನಲ್ವಂತೆ," ಅಂದು ತಟ್ಟೆ ಎತ್ತಿಕೊಂಡ.

ಹೆಂಡತಿ ಎದ್ದು ನಿಂತು ಹೇಳಿದಳು, "ತಿಂತಾರೆ ಕಣಪ್ಪ. ತಿನ್ನಾಕ್ ಬಿಡಲ್ಲ."

ಇಂಬಳ

ಲಾಲ್‌ಬಾಗಿನಲ್ಲಿ ಆಗಷ್ಟೇ ತುಂತುರು ಮಳೆ ನಿಂತಿತ್ತು. ಕಣ್ಣು ಹಾಯುವಷ್ಟು ದೂರ ಒದ್ದೆ ಹುಲ್ಲು. ನಮ್ಮ ಕಡೆ ಮಳೆಗಾಲದಲ್ಲಿ ಒದ್ದೆ ಹುಲ್ಲು ಕಂಡರೆ ಮೊದಲು ನೆನಪಾಗುವುದು ಇಂಬಳ. ದಾರದಷ್ಟು ಸಣ್ಣ ಹುಳು, ಕಾಲಿಗೆ ಹತ್ತಿ ರಕ್ತ ಹೀರುತ್ತದೆ, ಹೀರುವಾಗ ಗೊತ್ತೇ ಆಗುವುದಿಲ್ಲ. ಹಾಗಾಗಿ ಹುಲ್ಲಿಗೆ ಇಳಿಯುವ ಮೊದಲು ಹೊಗೆಸೊಪ್ಪಿಗೆ ಸುಣ್ಣ ಹಾಕಿ ತಿಕ್ಕಿ ಕಾಲಿಗೆ ಹಚ್ಚಿಕೊಳ್ಳುವುದು ನಮಗೆ ಚಪ್ಪಲಿ ಮೆಟ್ಟಿದಷ್ಟೇ ಸಹಜ. ನಾವಿಬ್ಬರೂ ಬೆಂಚಿನ ಪಕ್ಕ ಕುಕ್ಕರಗಾಲಲ್ಲಿ ಕೂತು, ಮಾತಾಡದೆ, ಮೊಣಕಾಲಿನ ತನಕ ಹಚ್ಚಿಕೊಂಡೆವು.

ಬೆಂಚಿನ ಮೇಲೆ ಸೂಟು ಬೂಟಿನ ಯಜಮಾನರೊಬ್ಬರು ಸಂಸಾರದೊಂದಿಗೆ ಕೂತಿದ್ದರು. "ಅದೇನು ಹಚ್ಚಿಕೊಳ್ತಿದ್ದೀರಿ?" ಎಂದು ಕೇಳಿದರು.

"ಇಂಬಳಕ್ಕೆ," ಅಂದೆ.

"ಇಂಬಳ ಅಂದರೆ?"

ಕೇಳಬಾರದಿತ್ತು. ವಿವರಿಸುವುದೆಂದರೆ ನನಗೆ ಮೊದಲಿನಿಂದಲೂ ಹಬ್ಬ. ಅದು ಹುಲ್ಲಿನ ತುದಿಯಲ್ಲಿ ನಿಂತು ಹೇಗೆ ತಲೆ ಆಡಿಸುತ್ತದೆ, ಕಾಲುಚೀಲದ ಕಣ್ಣಿನೊಳಗೆ ಹೇಗೆ ತೂರುತ್ತದೆ, ಹೋಗುವಾಗ ದಾರದಂತಿದ್ದದ್ದು ಬರುವಾಗ ಹೇಗೆ ಹೆಬ್ಬೆರಳಿನಂತಾಗಿರುತ್ತದೆ, ಎಲ್ಲವನ್ನೂ ಹೇಳಿದೆ. ನಮ್ಮ ಸಾಹುಕಾರರಿಗೆ ಒಮ್ಮೆ ಎಲ್ಲಿ ಹತ್ತಿತ್ತು ಎಂಬುದನ್ನೂ ಸ್ವಲ್ಪ ದನಿ ತಗ್ಗಿಸಿ ಹೇಳಿದೆ. ಯಜಮಾನರ ಮುಖ ಬಿಳಿಚಿತು. ಅವರು ಪ್ಯಾಂಟು ಎತ್ತಿ ನೋಡಿಕೊಂಡರು. ಅವರ ಹೆಂಡತಿ ಬೆಂಚಿನ ಮೇಲೆ ನಿಂತರು. ಅವರನ್ನು ಕಂಡು ಪಕ್ಕದ ಬೆಂಚಿನವರೂ ನಿಂತರು. ಐದು ನಿಮಿಷದೊಳಗೆ ಆ ಕಡೆಯ ಹುಲ್ಲಿನ ಮೇಲೆ ಒಬ್ಬರೂ ಇರಲಿಲ್ಲ, ಎಲ್ಲರೂ ಬೆಂಚು ಹತ್ತಿದ್ದರು.

ಕಳೆ ಕೀಳುತ್ತಿದ್ದ ಮಾಲಿ ಓಡಿ ಬಂದು, "ಯಾರ್ರೀ ಹಾವು ಅಂದಿದ್ದು?" ಎಂದು ಗದರಿದ. ನಾನು ಹಾವು ಅಂದಿಲ್ಲ ಎಂದು ಎಷ್ಟು ಹೇಳಿದರೂ ಅವನಿಗೆ ಸಮಾಧಾನವಿಲ್ಲ. ತಾನು ಅಲ್ಲಿ ಕೆಲಸಕ್ಕೆ ಸೇರಿದಾಗಿನಿಂದ ಆ ಹುಲ್ಲಿನಲ್ಲಿ ಅಂಥ ಹುಳು ಕಂಡಿಲ್ಲ ಎಂದು ಆಣೆ ಮಾಡಿದ. ಬೆಂಚಿನ ಮೇಲಿದ್ದವರು ಅವನನ್ನು ನಂಬಲಿಲ್ಲ, ನನ್ನನ್ನು ನಂಬಿದರು. ಯಜಮಾನರು ನನ್ನತ್ತ ಬಗ್ಗಿ, "ಆ ಹೊಗೆಸೊಪ್ಪು ಸ್ವಲ್ಪ ಇದ್ದರೆ ಕೊಡ್ತೀರಾ?" ಅಂದರು. ಪಕ್ಕದ ಬೆಂಚಿನಿಂದಲೂ ಕೈ ಬಂತು. ಅದರ ಆಚೆಯ ಬೆಂಚಿನಿಂದಲೂ ಬಂತು.

ಇಲ್ಲ ಅನ್ನಲಾಗಲಿಲ್ಲ. ಇಂಬಳವೇ ಇಲ್ಲದ ಊರಿನಲ್ಲಿ ನನ್ನ ಹೊಗೆಸೊಪ್ಪೆಲ್ಲ ಇಂಬಳಕ್ಕೆ ಖರ್ಚಾಗಿ, ದಿನವಿಡೀ ಬರೀ ಎಲೆಯಡಿಕೆ ಜಗಿದೆ.

ಒಂದು ಗಿಡ, ಆಮೇಲೆ ಮೂರು

ಸ್ವಲ್ಪ ಮುಂದೆ ಹೋದರೆ ನಾಲ್ಕಾರು ಜನ ಒಂದು ಗಿಡದ ಸುತ್ತ ನಿಂತು ಬೆರಗಿನಿಂದ ನೋಡುತ್ತಿದ್ದರು. ನಾವೂ ತೂರಿಕೊಂಡು ಹೋಗಿ ನೋಡಿದೆವು. ಕಾಫಿ ಗಿಡ.

ಹೆಂಡತಿ ಗಿಡವನ್ನು ನೋಡಿದಳು, ನನ್ನನ್ನು ನೋಡಿದಳು. "ಒಂದ್ ಬಸ್ಸು, ಎರಡ್ ರೈಲು ಹತ್ತಿ ಬಂದಿದ್ದು ಇದ್ನ ನೋಡಾಕಾ?" ಅಂದಳು.

ನನ್ನ ಗಮನ ಅತ್ತ ಇರಲಿಲ್ಲ. ಆ ಗಿಡದ ಸ್ಥಿತಿ ನೋಡಿ ನನಗೆ ಹೊಟ್ಟೆ ಉರಿಯುತ್ತಿತ್ತು. ಒಳಗೆಲ್ಲ ಬೇಡದ ಚಿಗುರು ಎದ್ದು ಪೊದೆಯಾಗಿತ್ತು, ಒಂದು ಹಿಡಿ ಬಿಸಿಲೂ ಒಳಗೆ ಬೀಳುವಂತಿರಲಿಲ್ಲ. ನಮ್ಮ ತೋಟದಲ್ಲಿ ಹೀಗೆ ಬಿಟ್ಟಿದ್ದರೆ ಮೇಸ್ತ್ರಿಗೆ ಅವತ್ತು ಊಟ ಸೇರುತ್ತಿರಲಿಲ್ಲ. ಕೈ ತಾನಾಗಿಯೇ ಹೋಯಿತು. ಒಂದು ಚಿಗುರು ಮುರಿದೆ. ಇನ್ನೊಂದು ಮುರಿದೆ. ಐದಾರು ಆಗುವಷ್ಟರಲ್ಲಿ ಹಿಂದಿನಿಂದ ಸೀಟಿ ಕೇಳಿಸಿತು. ಕಾವಲುಗಾರ.

"ಏನ್ರೀ, ಗಿಡ ಮುಟ್ಟಬಾರದು ಅಂತ ಬೋರ್ಡು ಕಾಣಲ್ವಾ?"

"ಗಿಡಕ್ಕೆ ಏನೂ ಮಾಡಿಲ್ಲ ಕಣಪ್ಪ. ಚಿಗುರು ತೆಗೆದೆ. ತೆಗೀದಿದ್ರೆ ಮುಂದಿನ ವರ್ಷ ಕಾಯಿ ಹಿಡಿಯಲ್ಲ."

"ಕಾಯಿ ಯಾರಿಗೆ ಬೇಕು?"

ಇಪ್ಪತ್ತು ವರ್ಷದಲ್ಲಿ ನನ್ನನ್ನು ಯಾರೂ ಆ ಪ್ರಶ್ನೆ ಕೇಳಿರಲಿಲ್ಲ. ಆಫೀಸಿಗೆ ನಡೀರಿ ಎಂದು ಅವನು ನನ್ನ ರಟ್ಟೆ ಹಿಡಿದ. ಆಗ ಹೆಂಡತಿ ಮುಂದೆ ಬಂದು, "ಬಿಟ್ಬುಡಣ್ಣ, ಕೆಟ್ಟೋರಲ್ಲ. ಕಾಪಿ ತೋಟದಲ್ಲಿ ರೈಟ್ರು. ಗಿಡ ಕಂಡ್ರೆ ಎಲ್ಲಾ ಮರ್ತೋಯ್ತದೆ, ಕಟ್ಕಂಡೋಳ್ನೂ ಸೇರಿಸಿ," ಅಂದಳು.

ಕಾವಲುಗಾರ ಕೈ ಬಿಟ್ಟ. ನಾನು ಚಿಗುರು ತೆಗೆದ ಕಡೆ ಬಗ್ಗಿ ನೋಡಿದ. ಅತ್ತಿತ್ತ ಕಣ್ಣಾಡಿಸಿ, ದನಿ ತಗ್ಗಿಸಿ, "ಆ ಮೂಲೇಲಿ ಇನ್ನೂ ಮೂರು ಗಿಡ ಇದಾವೆ," ಅಂದ.

ಮೂರನ್ನೂ ಮಾಡಿಕೊಟ್ಟೆ. ಮುಕ್ಕಾಲು ಗಂಟೆ ಹಿಡಿಯಿತು. ಹೆಂಡತಿ ಮರದ ಕೆಳಗೆ ಕೂತಿದ್ದಳು. ಅಷ್ಟು ವರ್ಷದ ನೌಕರಿಯಲ್ಲಿ ನಾನು ಆಳುಗಳಿಗೆ ಚಿಗುರು ತೆಗೆಯಲು ಹೇಳಿದ್ದುಂಟು, ಬಗ್ಗಿ ತೆಗೆದವನಲ್ಲ. ಬಗ್ಗಿದ್ದು ರಜ ಹಾಕಿದ ದಿನ.

ಸಾಕು

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಅನ್ನುತ್ತಾರೆ. ಬೆಂಗಳೂರಿನ ಊಟದ ಹೋಟೆಲಿನಲ್ಲಿ ನನಗೆ ಎರಡೂ ಬರುವುದಿಲ್ಲವೆಂದು ಗೊತ್ತಾಯಿತು.

ನಮ್ಮ ಕಡೆ ಬಡಿಸುವುದಕ್ಕೊಂದು ಪದ್ಧತಿ ಇದೆ. ಬಡಿಸುವವರು ಬಂದಾಗ ಉಣ್ಣುವವನು ಎಲೆಯ ಮೇಲೆ ಕೈ ಅಡ್ಡ ಹಿಡಿದು "ಸಾಕು, ಸಾಕು" ಅನ್ನಬೇಕು. ಬಡಿಸುವವರು ಕೈ ಸರಿಸಿ ಹಾಕಬೇಕು. ಎರಡನೇ ಸಲ ಇನ್ನೂ ಗಟ್ಟಿಯಾಗಿ "ಸಾಕು" ಅನ್ನಬೇಕು, ಅವರು ಇನ್ನೂ ಹೆಚ್ಚು ಹಾಕಬೇಕು. ಮೊದಲನೇ "ಸಾಕು" ಅಂದರೆ ಹಸಿವು ಈಗಷ್ಟೇ ಶುರುವಾಗಿದೆ ಎಂದು ಅರ್ಥ. ಇದನ್ನು ಯಾರೂ ಯಾರಿಗೂ ಕಲಿಸುವುದಿಲ್ಲ.

ಬೆಂಗಳೂರಿನ ಹೋಟೆಲಿನಲ್ಲಿ ಬಾಳೆಲೆ ಹಾಕಿದರು. ಪಲ್ಯ, ಕೋಸಂಬರಿ, ಅಪ್ಪಳ ಬಂತು. ಅನ್ನದವನು ಬಂದು ಒಂದು ಸಣ್ಣ ಗುಡ್ಡೆ ಹಾಕಿದ. ನಾನು ಮರ್ಯಾದಸ್ಥನಂತೆ ಕೈ ಅಡ್ಡ ಹಿಡಿದು, "ಸಾಕು, ಸಾಕು," ಅಂದೆ.

ಅವನು ಹೋಗಿಯೇಬಿಟ್ಟ. ಕೈ ಸರಿಸಲಿಲ್ಲ, ಒಂದು ಮಾತು ಬಲವಂತ ಮಾಡಲಿಲ್ಲ. ನಾನು ಕೈ ಅಡ್ಡ ಹಿಡಿದುಕೊಂಡೇ ಸ್ವಲ್ಪ ಹೊತ್ತು ಕಾದೆ. ಸಾರಿನವನು ಬಂದ. ಅಭ್ಯಾಸ ಬಲದಿಂದ ಅವನಿಗೂ "ಸಾಕು" ಅಂದೆ. ಅವನೂ ಹೋದ. ಪಾಯಸದವನು ಬಂದಾಗ ಈ ಸಲ ಅನ್ನಬಾರದೆಂದು ತುಟಿ ಕಚ್ಚಿಕೊಂಡಿದ್ದೆ, ಆದರೆ ಕೈ ಕೇಳಲಿಲ್ಲ, ತಾನೇ ಎಲೆಗೆ ಅಡ್ಡ ಹೋಯಿತು. ದಾಕ್ಷಿಣ್ಯಕ್ಕೆ ಬಸುರಾದವರ ಕತೆ ಕೇಳಿದ್ದೇನೆ. ದಾಕ್ಷಿಣ್ಯಕ್ಕೆ ಹಸಿದುಕೊಂಡು ಎದ್ದವನು ನಾನೇ ಇರಬೇಕು.

ಹೆಂಡತಿ ಹೆಂಗಸರ ಕಡೆಯ ಸಾಲಿನಲ್ಲಿ ಕೂತಿದ್ದಳು. ಕೈ ತೊಳೆದು ಬಂದವಳ ಮುಖ ತುಂಬಿಕೊಂಡಿತ್ತು.

"ಸಾಕು ಅನ್ಲಿಲ್ವಾ ನೀನು?" ಅಂದೆ.

"ಒಂದ್ಸಲ ಅಂದೆ. ಹೋಗ್ಬುಟ್ಟ. ಕೂಗಿ ಕರ್ದು, ಹಾಕಪ್ಪ ಅಂದೆ."

ಹೊರಗೆ ಬರುವಾಗ ಗಲ್ಲಾದಲ್ಲಿ ಕೂತಿದ್ದವರು, "ಅಮ್ಮಾ, ಕಾಫಿ ಆಗಬಹುದಾ?" ಎಂದು ಅವಳನ್ನೇ ಕೇಳಿದರು. ಅವಳು ಬಾಯಿ ತೆರೆದಳು. ಅವಳ ಬಾಯಿಂದ ಮಾತು ಬರುವ ಮೊದಲು ನನ್ನ ಬಾಯಿಂದ "ಸಾಕು" ಬಂದಿತ್ತು.

ವಿಧಾನಸೌಧ

ವಿಧಾನಸೌಧವನ್ನು ಎದುರಿನ ರಸ್ತೆಯಿಂದ ನೋಡಿದೆವು. ಅಷ್ಟು ದೊಡ್ಡ ಕಟ್ಟಡವನ್ನು ನಾನು ಕನಸಿನಲ್ಲೂ ಕಂಡಿರಲಿಲ್ಲ. ಕಂಬಗಳೇನು, ಮೆಟ್ಟಿಲುಗಳೇನು. ನಾನು ಮೈಮರೆತು ನಿಂತೆ. ಹೆಂಡತಿ ಸುಮಾರು ಹೊತ್ತು ನೋಡಿ, "ಇದ್ನ ದಿನಾ ಗುಡ್ಸೋರು ಯಾರು?" ಅಂದಳು.

ಅದು ನನ್ನ ಕಸುಬಿನ ಪ್ರಶ್ನೆ. ಹೆಣ್ಣಾಳು ಅರವತ್ತು, ಗಂಡಾಳು ಇಪ್ಪತ್ತು, ಮೇಸ್ತ್ರಿ ಮೂವರು, ಬೆಳಗ್ಗೆ ಏಳೂವರೆಗೆ ಹಾಜರಿ ಹಿಡಿದರೆ ಹನ್ನೊಂದಕ್ಕೆ ಮುಗಿಯುತ್ತದೆ ಎಂದೆ. ನೆಲ ಒರೆಸುವುದಾದರೆ ಬೇರೆ ಗುಂಪು. ಅವಳು ಅದಕ್ಕೆ ಒಪ್ಪಲಿಲ್ಲ, ಅಷ್ಟು ಮೆಟ್ಟಿಲಿಗೆ ಅರವತ್ತು ಹೆಣ್ಣಾಳು ಎಲ್ಲಿಗೂ ಸಾಲದು ಅಂದಳು. ಸಾಲುತ್ತದೆ ಅಂದೆ. ನೀವು ಯಾವತ್ತು ಕಸಬರಿಗೆ ಹಿಡಿದಿದ್ದೀರಿ ಅಂದಳು. ಹೀಗೆ ವಾದ ಮಾಡುತ್ತ ನಾವು ಮಾರ್ಕೆಟ್ಟಿನ ಬಸ್ಸು ಹತ್ತಿಬಿಟ್ಟೆವು. ಊರಿಗೆ ಬಂದ ಮೇಲೆ ವಿಧಾನಸೌಧ ಹೇಗಿದೆ ಎಂದು ಯಾರು ಕೇಳಿದರೂ ನಾನು ಹೇಳುತ್ತಿದ್ದದ್ದು ಒಂದೇ: ಎಂಬತ್ತಮೂರು ಆಳಿನ ಕೆಲಸ.

ಕೂ

ಮಾರ್ಕೆಟ್ಟಿನಲ್ಲಿ ಇಳಿದಾಗ ಮೂರೂಮುಕ್ಕಾಲು. ಬೆಳಗಿನಿಂದ ಮೊದಲ ಸಲ ಹಾಳೆ ಮತ್ತು ಗಡಿಯಾರ ಒಂದೇ ಮಾತು ಹೇಳುತ್ತಿದ್ದವು. ಇನ್ನು ಅರ್ಧ ಗಂಟೆಯಲ್ಲಿ ಅವಳಿಗೆ ಕಾಫಿ ಕುಡಿಸಿಬಿಟ್ಟರೆ ಹನ್ನೆರಡು ವರ್ಷದ ಮಾತು ತೀರುತ್ತದೆ ಎಂದು ನನಗೆ ನಿಜವಾಗಿಯೂ ಸಂತೋಷವಾಯಿತು. ಹಾಳೆಯನ್ನು ಮುಖದ ಮುಂದೆ ಹಿಡಿದು, ಎರಡನೇ ಕಾಟಾ ಎಲ್ಲಿದೆ ಎಂದು ಸಿಕ್ಕವರನ್ನೆಲ್ಲ ಕೇಳುತ್ತ ಮುಂದೆ ಮುಂದೆ ನಡೆದೆ. ಹೂವಿನವರು, ಹಣ್ಣಿನವರು, ಜಟಕಾ, ಕೈಗಾಡಿ, ಉಸಿರಾಡಲು ಜಾಗವಿಲ್ಲ. ಕಾಟಾ ಯಾರಿಗೂ ಗೊತ್ತಿಲ್ಲ. ಕೊನೆಗೊಬ್ಬ ಮುದುಕರು, ಆ ಕಾಟಾ ಕಿತ್ತುಹಾಕಿ ಎಷ್ಟೋ ದಿನವಾಯಿತು ಅಂದರು.

"ಕೇಳಿದ್ಯೇನೇ?" ಎಂದು ಹಿಂತಿರುಗಿದರೆ ಅವಳಿಲ್ಲ.

ಸಕಲೇಶಪುರದ ಸಂತೆಗೂ ಒಬ್ಬಳೇ ಹೋದವಳಲ್ಲ. ಬಂದ ದಾರಿಯಲ್ಲೇ ಓಡಿದೆ, ಮತ್ತೆ ಮುಂದಕ್ಕೆ ಓಡಿದೆ. ಹೆಸರು ಹಿಡಿದು ಕೂಗೋಣವೆಂದರೆ, ಆ ಕಾಲದಲ್ಲಿ ನಾವು ಹೆಂಡತಿಯ ಹೆಸರನ್ನು ಮನೆಯೊಳಗೇ ಕೂಗುತ್ತಿರಲಿಲ್ಲ, ಇನ್ನು ಬೀದಿಯಲ್ಲಿ ಕೂಗಲು ಬಾಯಿ ಬರುತ್ತದೆಯೇ? ಮೂಲೆಯಲ್ಲಿ ನಿಂತಿದ್ದ ಪೊಲೀಸಿನವನ ಹತ್ತಿರ ಹೋದೆ.

"ಯಾವ ಬಣ್ಣದ ಸೀರೆ?" ಅಂದ ಅವನು.

ಮಂಜಿನಲ್ಲಿ, ಅರ್ಧ ಮೈಲಿ ಆಚೆ, ಬರೀ ನಡಿಗೆ ನೋಡಿ ನೂರಿಪ್ಪತ್ತು ಆಳುಗಳಲ್ಲಿ ಯಾರು ಯಾರೆಂದು ಹೇಳಬಲ್ಲವನು ನಾನು. ಬೆಳಗಿನಿಂದ ಪಕ್ಕದಲ್ಲಿದ್ದ ಹೆಂಡತಿ ಯಾವ ಬಣ್ಣದ ಸೀರೆ ಉಟ್ಟಿದ್ದಳೆಂದು ನೆನಪಾಗಲಿಲ್ಲ.

"ಎತ್ತರವೋ, ಗಿಡ್ಡವೋ?"

"ಅಂದಾಜು ನನ್ನ ಹೆಗಲಿಗೆ ಬರ್ತಾಳೆ ಅನ್ಸುತ್ತೆ."

"ಮದುವೆ ಆಗಿ ಎಷ್ಟು ದಿನ ಆಯ್ತಯ್ಯಾ?" ಅಂದ. ಹನ್ನೆರಡು ವರ್ಷ ಎಂದು ಹೇಳುವಾಗ ನನಗೆ ಅಳು ಬರುವಂತಾಗಿತ್ತು.

ಇನ್ನೇನು ಮಾಡಲಿ? ನಮ್ಮ ಬೆಟ್ಟಗಳಲ್ಲಿ ಒಬ್ಬರನ್ನೊಬ್ಬರು ಕರೆಯುವುದು ಹೆಸರಿನಿಂದಲ್ಲ, ಕೂ ಹಾಕಿ. ಈ ಗುಡ್ಡದಿಂದ ಒಬ್ಬರು ಕೂ ಎಂದು ಎಳೆದರೆ ಆ ಗುಡ್ಡದಿಂದ ಉತ್ತರ ಬರುತ್ತದೆ, ಒಬ್ಬೊಬ್ಬರ ಕೂಗೂ ಬೇರೆ. ಅವಳು ನನ್ನನ್ನು ಊಟಕ್ಕೆ ಕರೆಯುವುದೂ ಹಾಗೆಯೇ, ಎರಡು ತುಂಡು ಕೂ. ನಾನು ಒಂದು ಅಂಗಡಿಯ ಮೆಟ್ಟಿಲು ಹತ್ತಿ ನಿಂತೆ. ಎರಡೂ ಕೈಗಳನ್ನು ಬಾಯಿಗೆ ಇಟ್ಟುಕೊಂಡೆ. ಹೊಟ್ಟೆಯಿಂದ ಎಳೆದು ಒಂದು ಕೂ ಹಾಕಿದೆ.

ಇಡೀ ಬೀದಿ ಗಪ್ಪಾಯಿತು. ಜಟಕಾದ ಕುದುರೆ ಕಿವಿ ನಿಮಿರಿಸಿತು. ಚೌಕಾಸಿ ಮಾಡುತ್ತಿದ್ದವರು ಬಾಯಿ ತೆರೆದುಕೊಂಡೇ ನಿಂತರು. ದೂರದ ಮಂಡಿಯ ಕಡೆಯಿಂದ ಒಂದು ಗಂಡಸಿನ ಕೂ ಬಂತು, ಹಿಂದೆಯೇ, "ಯಾರ್ಲಾ ಅದು, ನಮ್ ಕಡೆಯೋರು?" ಎಂದು ಕೇಳಿಸಿತು. ಮೂಟೆ ಹೊರುತ್ತಿದ್ದ ಯಾರೋ ನಮ್ಮ ಘಟ್ಟದವನು. ನಾನು ಅವನಿಗೆ ಉತ್ತರ ಕೊಡುವಷ್ಟರಲ್ಲಿ, ನನ್ನ ನೆತ್ತಿಯ ಮೇಲಿನಿಂದಲೇ ಎರಡು ತುಂಡು ಕೂ ಬಂತು.

ತಲೆಯೆತ್ತಿದೆ. ಹಸಿರು ಕಟಕಟೆ. ಅದರ ಮೇಲಿನಿಂದ ನನ್ನ ಹೆಂಡತಿ ಬಗ್ಗಿ ನೋಡುತ್ತಿದ್ದಳು. ಅವಳ ಕೈಯಲ್ಲಿ ಲೋಟವಿತ್ತು. ಕಾಟಾ ಹುಡುಕುತ್ತ ನಾನು ಆ ಹೋಟೆಲಿನ ಕೆಳಗೇ ನಾಲ್ಕು ಸಲ ಓಡಾಡಿದ್ದೆ.

ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತ ಫ್ಯಾಮಿಲಿ ರೂಮಿಗೆ ಹೋದೆ. ಸೆರಗಿನ ತುದಿಯಲ್ಲಿ ಗಂಟು ಕಟ್ಟಿಕೊಂಡಿದ್ದ ಚಿಲ್ಲರೆಯ ಧೈರ್ಯದಲ್ಲಿ ಅವಳು ಮಾರ್ಬಲ್ ಮೇಜಿನ ಮುಂದೆ ಆರಾಮವಾಗಿ ಕೂತಿದ್ದಳು. ಸೀರೆ ನೇರಳೆ ಬಣ್ಣದ್ದು.

"ಹೇಳ್ದೆ ಕೇಳ್ದೆ ಎಲ್ಲಿಗೆ ಬಂದ್ಬುಟ್ಟೆ?" ಅಂದೆ. ಗದರಬೇಕೆಂದಿದ್ದೆ, ಬಾಯಿಗೆ ಬಂದದ್ದು ಅಷ್ಟೇ.

"ಹಸ್ರು ಕಟಕಟೆ ಕಾಣ್ತು. ಕೂಗ್ದೆ, ನೀವು ಕಾಟಾ ಕಾಟಾ ಅನ್ಕಂಡ್ ಹೋಗ್ತಾನೇ ಇದ್ರಿ. ನಾಲ್ಕೂಕಾಲಿಗೆ ಅಂತ ಬರ್ದಿರಲಿಲ್ವಾ? ನಾನು ಟೈಮಿಗೆ ಸರಿಯಾಗಿ ಬಂದೆ. ತಡ ಆಗಿದ್ದು ನಿಮ್ದು."

ಎರಡನೇ ಲೋಟ

ಕೂತು ಸುಧಾರಿಸಿಕೊಂಡು, "ಕಾಪಿ ಹೆಂಗೈತೆ?" ಎಂದು ಕೇಳಿದೆ. ನಾವು ಬೆಳೆದದ್ದನ್ನು ಅವಳು ಕೊನೆಗೂ ಕುಡಿದಿದ್ದಳು. ಉತ್ತರ ಕೇಳಲು ನನಗೆ ಒಳ್ಳೆ ಪರೀಕ್ಷೆಯ ಫಲಿತಾಂಶ ಕೇಳುವಂತಿತ್ತು.

"ಏನೇನೋ ಬೆರ್ಸವ್ರೆ," ಅಂದಳು. "ಇದ್ಕಿಂತ ನಮ್ ಒಡಕಲು ಕಾಳೇ ವಾಸಿ."

"ಮತ್ತೆ ಇದು ಎರಡನೇ ಲೋಟ ಅಂತಾನಲ್ಲ ಸಪ್ಲೈಯರ್?"

"ಕಾಪಿಗಲ್ಲ ಕಣ್ರೀ. ಕೂತಿದ್ ಕಡೀಕೆ ತಂದ್ ಕೊಟ್ರು. ಕುಡ್ದ್ ಲೋಟಾನ ಅವ್ರೇ ತಗಂಡೋದ್ರು. ತೊಳ್ಯದೂ ಅವ್ರೇ ಅಂತೆ. ಅದು ನಿಜವೋ ಸುಳ್ಳೋ ನೋಡನ ಅಂತ ಇನ್ನೊಂದ್ ತರಿಸ್ದೆ."

ಹೇಳುವಾಗ ಅವಳು ನಗುತ್ತಿದ್ದಳು. ನನಗೆ ನಗು ಬರಲಿಲ್ಲ. ಹನ್ನೆರಡು ವರ್ಷ ದಿನಕ್ಕೆ ಮೂರು ಲೋಟ ಕುಡಿದು, ಕೂತಲ್ಲೇ ಲೋಟ ಬಿಟ್ಟು ಎದ್ದು ಹೋಗುತ್ತಿದ್ದ ಮನುಷ್ಯ ಅವಳ ಎದುರಿಗೇ ಕೂತಿದ್ದ. ನಾಚಿಕೆಯಾಯಿತು. ರೈಲಿನಲ್ಲಿ ಯೋಚನೆ ಮಾಡಿ, ಈ ಸಲ ಹಾಳೆಯಲ್ಲಿ ಏನೂ ಬರೆಯದೆ, ಒಂದು ತೀರ್ಮಾನಕ್ಕೆ ಬಂದೆ.

ಊರಿಗೆ ಬಂದ ಮಾರನೆಯ ಬೆಳಗ್ಗೆ ಅವಳು ಏಳುವ ಮೊದಲೇ ಎದ್ದು ಅಡುಗೆಮನೆಗೆ ಹೋದೆ. ಹಲ್ಲಿನಲ್ಲಿ ಕಚ್ಚಿ ನೋಡಿ ಕಾಫಿ ಕಾಳು ಒಣಗಿದೆಯೋ ಇಲ್ಲವೋ ಹೇಳಬಲ್ಲೆ. ದೂರದಿಂದ ಎಲೆಯ ಬಣ್ಣ ನೋಡಿ ಗಿಡದ ರೋಗ ಹೇಳಬಲ್ಲೆ. ಆದರೆ ನನ್ನ ಮನೆಯಲ್ಲಿ ಕಾಫಿ ಪುಡಿಯ ಡಬ್ಬ ಎಲ್ಲಿದೆ ಎಂದು ನನಗೆ ಗೊತ್ತಿರಲಿಲ್ಲ. ಒಂದೊಂದೇ ಡಬ್ಬ ತೆಗೆದೆ. ಸಾಸಿವೆ, ಮೆಂತ್ಯ, ಹುಣಸೆಹಣ್ಣು. ಕೊನೆಗೆ ಪುಡಿ ಸಿಕ್ಕಿತು. ನೀರು ಎಷ್ಟು, ಪುಡಿ ಎಷ್ಟು ಎಂದು ಕೇಳುವುದಕ್ಕೆ ಅಭಿಮಾನ ಅಡ್ಡ ಬಂತು. ಕುದಿಸಿದೆ, ಉಕ್ಕಿತು, ಒಲೆ ಆರಿತು, ಮತ್ತೆ ಹೊತ್ತಿಸಿ ಮತ್ತೆ ಕುದಿಸಿದೆ. ಬೆಲ್ಲ ಹಾಕಿದೆ, ಕಮ್ಮಿಯಾಯಿತೇನೋ ಎಂದು ಇನ್ನಷ್ಟು ಹಾಕಿದೆ.

ಅವಳು ಎದ್ದು ಜಗಲಿಯ ಮೇಲೆ ಕೂತಿದ್ದಳು. ಕೂತಲ್ಲಿಗೇ ಲೋಟ ತಂದುಕೊಟ್ಟೆ. ಅವಳು ನನ್ನನ್ನು ನೋಡಿದಳು, ಲೋಟದೊಳಗೆ ನೋಡಿದಳು. ಒಂದೇ ಸಮನೆ, ತಳದ ಗಸಿಯವರೆಗೆ ಕುಡಿದು ಮುಗಿಸಿದಳು. ಖಾಲಿ ಲೋಟವನ್ನು ನಾನೇ ತೆಗೆದುಕೊಂಡು ಹೋಗಿ, ತೊಳೆದು, ಬೋರಲು ಹಾಕಿ, ಕೈ ಒರೆಸಿಕೊಳ್ಳುತ್ತ ಬಂದು ಅವಳ ಎದುರು ನಿಂತೆ.

"ಹೆಂಗಿತ್ತು?" ಅಂದೆ.

ಅವಳು ಸೆರಗಿನಿಂದ ಬಾಯಿ ಒರೆಸಿಕೊಂಡು ಮೆಲ್ಲಗೆ ಕೇಳಿದಳು:

"ರೀ, ಬೆಂಗ್ಳೂರಿಗೆ ಇನ್ನೊಂದ್ಸಲ ಯಾವಾಗ ಹೋಗದು?"